ಹೆಸರಿನ ಮುಂದೆ ಕಾಯಕ



ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ಮೇದಾರ ಕೇತಯ್ಯ, ಹಡಪದ ಅಪ್ಪಣ್ಣ, ನುಲಿಯ ಚಂದಯ್ಯ, ಕೊಟ್ಟಣದ ಸೋಮಮ್ಮ, ಕದಿರ ರೆಮ್ಮವ್ವೆ, ಆಯ್ದಕ್ಕಿ ಲಕ್ಕಮ್ಮ. ಹನ್ನೆರಡನೆಯ ಶತಮಾನದ ಈ ಶರಣ ಶರಣೆಯರ ಹೆಸರುಗಳನ್ನು ನಾವು ಭಕ್ತಿಯಿಂದ ಉಚ್ಚರಿಸುತ್ತೇವೆ. ಆದರೆ ಉಚ್ಚರಿಸುವಾಗ ಒಂದು ಸಂಗತಿಯನ್ನು ಗಮನಿಸದೆ ದಾಟಿಬಿಡುತ್ತೇವೆ. ಈ ಎಲ್ಲ ಹೆಸರುಗಳಲ್ಲಿಯೂ ಕಾಯಕವು ಮೊದಲು ಬರುತ್ತದೆ, ವ್ಯಕ್ತಿಯ ಹೆಸರು ಆನಂತರ ಬರುತ್ತದೆ. ದೋಣಿ ನಡೆಸುವುದು, ಬಟ್ಟೆ ಒಗೆಯುವುದು, ಬುಟ್ಟಿ ಹೆಣೆಯುವುದು, ಹಗ್ಗ ಹೊಸೆಯುವುದು, ಧಾನ್ಯ ಕುಟ್ಟುವುದು, ನೂಲು ತೆಗೆಯುವುದು, ಚೆಲ್ಲಿದ ಅಕ್ಕಿಯನ್ನು ಆಯುವುದು ಇವೆಲ್ಲ ಅಂದಿನ ಸಮಾಜವು ಕೀಳೆಂದು ಎಣಿಸಿದ ಅಥವಾ ಎಣಿಕೆಗೇ ತೆಗೆದುಕೊಳ್ಳದ ಕೆಲಸಗಳು. ಆ ಕೆಲಸದ ಹೆಸರನ್ನು ಮರೆಮಾಚಿ ಬದುಕಬಹುದಾಗಿತ್ತು. ಶರಣರು ಹಾಗೆ ಮಾಡಲಿಲ್ಲ. ಅದೇ ಹೆಸರಿನಿಂದ ಅನುಭವ ಮಂಟಪದಲ್ಲಿ ಕುಳಿತರು, ಅದೇ ಹೆಸರಿನಿಂದ ಇಂದಿಗೂ ಪೂಜ್ಯರಾಗಿದ್ದಾರೆ.

ಇಂದಿನ ಮನಶ್ಶಾಸ್ತ್ರವು ‘ತನ್ನನ್ನು ತಾನು ಒಪ್ಪಿಕೊಳ್ಳುವುದು’ ಎಂದು ಕರೆಯುವ ಗುಣಕ್ಕೆ ಇದಕ್ಕಿಂತ ಸರಳವಾದ ನಿದರ್ಶನವನ್ನು ಕಾಣುವುದು ಕಷ್ಟ. ನಾನು ಮಾಡುವ ಕೆಲಸ ಇದು, ನಾನು ಇಂಥವನು, ಇಂಥವಳು ಎಂದು ದನಿ ತಗ್ಗಿಸದೆ ಹೇಳಬಲ್ಲವನ ಮನಸ್ಸು ಅರ್ಧದಷ್ಟು ಸ್ವಸ್ಥವಾದಂತೆಯೇ. ಹೇಳಲಾರದವನು ಎಷ್ಟು ಓದಿದ್ದರೂ, ಎಷ್ಟು ದುಡಿದರೂ ಒಳಗೊಳಗೇ ಕುಗ್ಗುತ್ತಿರುತ್ತಾನೆ. ಈ ಮಾತನ್ನು ಮುಂದಿಟ್ಟುಕೊಂಡು, ನಮ್ಮ ಕಡೂರು, ತರೀಕೆರೆ ಮತ್ತು ಅಜ್ಜಂಪುರ ತಾಲ್ಲೂಕುಗಳಲ್ಲಿ ಎಳೆಯ ಮಕ್ಕಳ ಶಿಕ್ಷಕಿಯರಾಗಲು ತರಬೇತಿ ಪಡೆಯುತ್ತಿರುವ ಹೆಣ್ಣುಮಕ್ಕಳ ಕುರಿತು ಕೆಲವು ವಿಚಾರಗಳನ್ನು ಭಕ್ತರ ಮುಂದಿಡುವುದು ಈ ಲೇಖನದ ಉದ್ದೇಶ.

ಇಂಥವರು ಮೂರು ಬಗೆಯಾಗಿದ್ದಾರೆ. ಪಿಯುಸಿ ಮುಗಿಸಿ ನರ್ಸರಿ ಶಿಕ್ಷಕಿಯರ ತರಬೇತಿಗೆ ಸೇರಿದವರು ಕೆಲವರು. ಅಂಗನವಾಡಿ ಕಾರ್ಯಕರ್ತೆಯರಾಗಿ ಹೊಸದಾಗಿ ಆಯ್ಕೆಯಾಗಿ ಇಲಾಖೆಯ ತರಬೇತಿಗೆ ಹೋಗುವವರು ಹಲವರು. 2023ರಿಂದೀಚೆಗೆ ಗ್ರಾಮ ಪಂಚಾಯತಿಗಳಲ್ಲಿ ಆರಂಭವಾದ ‘ಕೂಸಿನ ಮನೆ’ಗಳಲ್ಲಿ ಹಸುಗೂಸುಗಳನ್ನು ನೋಡಿಕೊಳ್ಳಲು ಕಿರು ತರಬೇತಿ ಪಡೆದವರು ಮತ್ತೆ ಕೆಲವರು. ಇವರ ಊರುಗಳ ಬದುಕು ನಮಗೆಲ್ಲ ಪರಿಚಿತ. ಕಡೂರಿನ ಕಡೆ ತೆಂಗು ಮತ್ತು ರಾಗಿ, ತರೀಕೆರೆಯ ಕಡೆ ಅಡಿಕೆ, ಅಜ್ಜಂಪುರದ ಎರೆಭೂಮಿಯಲ್ಲಿ ಈರುಳ್ಳಿ. ಈರುಳ್ಳಿ ಕೀಳುವ ಕಾಲ, ಅಡಿಕೆ ಸುಲಿಯುವ ಕಾಲ ಬಂತೆಂದರೆ ಬಡ ತಾಯಂದಿರು ಹೊತ್ತು ಮೂಡುವ ಮುನ್ನವೇ ಕೂಲಿಗೆ ಹೊರಡುತ್ತಾರೆ. ಮೂರು ವರ್ಷದ ಮಗು ಅಂಗನವಾಡಿಯ ಬಾಗಿಲಿಗೆ ಬಂದು ನಿಲ್ಲುತ್ತದೆ. ಆ ಮಗುವನ್ನು ಒಳಗೆ ಕರೆದುಕೊಳ್ಳುವ ಕೈಗಳು ಇವರವು.

ಆದರೆ ಮದುವೆಮನೆಯಲ್ಲಿಯೋ ಜಾತ್ರೆಯಲ್ಲಿಯೋ ಬಂಧುಗಳು ‘ಏನು ಮಾಡ್ತಿದ್ದೀಯಮ್ಮಾ?’ ಎಂದು ಕೇಳಿದರೆ ಈ ಹುಡುಗಿಯರಲ್ಲಿ ಹಲವರ ದನಿ ತಗ್ಗುತ್ತದೆ. ‘ಸುಮ್ನೆ ಒಂದು ಕೋರ್ಸ್ ಮಾಡ್ತಿದ್ದೀನಿ ಅತ್ತೆ’ ಎಂಬ ಉತ್ತರ ಬರುತ್ತದೆ. ಅಂಗನವಾಡಿ ಎಂದು ಬಾಯಿಬಿಟ್ಟರೆ, ‘ಮಕ್ಳನ್ನ ಆಡಿಸೋಕೂ ಟ್ರೈನಿಂಗ್ ಬೇಕೇನವ್ವಾ?’ ಎಂಬ ಮಾತು ಸಿದ್ಧವಾಗಿರುತ್ತದೆ. ಆಡಿದವರಿಗೆ ಅದು ನಗೆಮಾತು. ಕೇಳಿಸಿಕೊಂಡವಳಿಗೆ ತನ್ನ ಬದುಕಿನ ಆಯ್ಕೆಯ ಮೇಲೆ ಬಿದ್ದ ತೀರ್ಪು. ಚೌಡಯ್ಯನು ಅಂಬಿಗನೆಂದು, ಸೋಮಮ್ಮನು ಕೊಟ್ಟಣ ಕುಟ್ಟುವವಳೆಂದು ಹೆಮ್ಮೆಪಡುವ ನಾವೇ, ಮಕ್ಕಳ ಶಿಕ್ಷಕಿಯು ತನ್ನ ಕಾಯಕದ ಹೆಸರನ್ನು ನುಂಗಿಕೊಳ್ಳುವಂತೆ ಮಾಡುತ್ತಿದ್ದೇವೆ.

ಈ ಕಾಯಕವು ನಿಜವಾಗಿಯೂ ಅಷ್ಟು ಹಗುರವಾದುದೇ? ಇದರ ಇತಿಹಾಸವನ್ನು ಸ್ವಲ್ಪ ನೋಡೋಣ. ಗುಜರಾತಿನ ಗಿಜುಭಾಯಿ ಬಧೇಕಾ ಅವರು ವಕೀಲರಾಗಿದ್ದವರು. ಆ ವೃತ್ತಿಯನ್ನು ಬಿಟ್ಟು 1920ರಲ್ಲಿ ಭಾವನಗರದಲ್ಲಿ ಬಾಲಮಂದಿರವನ್ನು ತೆರೆದರು. ಜನರು ಅವರನ್ನು ಪ್ರೀತಿಯಿಂದ ‘ಮೀಸೆಯ ತಾಯಿ’ ಎಂದು ಕರೆದರು. ಎಳೆಯ ಮಕ್ಕಳನ್ನು ಕಲಿಸುವುದು ಹೆಂಗಸರ ಹಗುರ ಕೆಲಸವೆಂದು ಭಾವಿಸುವವರು ಈ ಹೆಸರನ್ನು ನೆನೆಯಬೇಕು. ಅವರೊಡನೆ ದುಡಿದ ತಾರಾಬಾಯಿ ಮೋಡಕ್ ಅವರು ಮುಂದೆ ಮಹಾರಾಷ್ಟ್ರದ ಬೋರ್ಡಿ ಮತ್ತು ಕೋಸಬಾಡಗಳಲ್ಲಿ ಬಡ ಆದಿವಾಸಿ ಮಕ್ಕಳಿಗಾಗಿ ದುಡಿದರು. ಮಗು ಶಾಲೆಗೆ ಬರಲಾರದಿದ್ದರೆ ಶಾಲೆಯೇ ಮಗುವಿನ ಅಂಗಳಕ್ಕೆ ಹೋಗಬೇಕೆಂಬುದು ಅವರ ನಿಲುವು. ಇಂದಿನ ಅಂಗನವಾಡಿಯ ಕಲ್ಪನೆಗೆ ಆ ಅಂಗಳದ ಶಾಲೆಗಳು ಪ್ರೇರಣೆಯಾದವು.

ತಾರಾಬಾಯಿಯವರ ಶಿಷ್ಯೆ ಅನುತಾಯಿ ವಾಘ್ ಅವರ ಬದುಕು ನಮ್ಮ ತರಬೇತಿಯ ಹೆಣ್ಣುಮಕ್ಕಳಿಗೆ ಇನ್ನೂ ಹತ್ತಿರವಾದುದು. 1910ರಲ್ಲಿ ಹುಟ್ಟಿದ ಅವರಿಗೆ ಹದಿಮೂರನೆಯ ವಯಸ್ಸಿನಲ್ಲಿ ಮದುವೆಯಾಯಿತು. ಆರೇ ತಿಂಗಳಲ್ಲಿ ವಿಧವೆಯಾದರು. ಅಂದಿನ ಸಮಾಜವು ಅಂಥ ಹುಡುಗಿಗೆ ಮೂಲೆಯ ಕೋಣೆಯೊಂದನ್ನು ಬಿಟ್ಟು ಬೇರೇನನ್ನೂ ಕೊಡುತ್ತಿರಲಿಲ್ಲ. ಅವರು ಓದಿದರು, ಶಿಕ್ಷಕಿಯಾದರು, 1945ರಿಂದ ತಾರಾಬಾಯಿಯವರ ಜೊತೆಗೂಡಿ ಎಳೆಯ ಮಕ್ಕಳ ಸೇವೆಯಲ್ಲಿಯೇ ಬದುಕನ್ನು ಸವೆಸಿದರು. 1985ರಲ್ಲಿ ಪದ್ಮಶ್ರೀ ಗೌರವ ಅವರನ್ನು ಹುಡುಕಿಕೊಂಡು ಬಂತು. ಲೋಕವು ‘ಇವಳಿಂದೇನಾದೀತು’ ಎಂದು ಬದಿಗಿಟ್ಟ ಹೆಣ್ಣುಮಗಳು ತನ್ನನ್ನು ತಾನು ಬದಿಗಿಟ್ಟುಕೊಳ್ಳಲಿಲ್ಲ ಎಂಬುದು ಇಲ್ಲಿ ಕಲಿಯಬೇಕಾದ ಪಾಠ.

1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ದೇಶದ 33 ಕಡೆಗಳಲ್ಲಿ ಪ್ರಾಯೋಗಿಕವಾಗಿ ಆರಂಭವಾಯಿತು. ನಮ್ಮ ರಾಜ್ಯದಲ್ಲಿ ಅದು ಮೊದಲು ಕಾಲಿಟ್ಟದ್ದು ತಿರುಮಕೂಡಲು ನರಸೀಪುರದಲ್ಲಿ. ಪೂರಕ ಆಹಾರ, ಶಾಲಾಪೂರ್ವ ಶಿಕ್ಷಣ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಆಸ್ಪತ್ರೆಗೆ ಕಳುಹಿಸುವ ಸಲಹಾ ಸೇವೆ, ತಾಯಂದಿರಿಗೆ ಪೌಷ್ಟಿಕತೆಯ ತಿಳಿವಳಿಕೆ ಎಂಬ ಆರು ಹೊಣೆಗಳು ಅಂಗನವಾಡಿಯ ಮೇಲಿವೆ. 2017ರ ಅಕ್ಟೋಬರ್‌ನಿಂದ ಮಾತೃಪೂರ್ಣ ಯೋಜನೆಯಡಿ ಗರ್ಭಿಣಿಯರ ಮತ್ತು ಬಾಣಂತಿಯರ ಬಿಸಿಯೂಟದ ಜವಾಬ್ದಾರಿಯೂ ಸೇರಿತು. ಆರು ವರ್ಷ ತುಂಬುವುದರೊಳಗೆ ಮಗುವಿನ ಮಿದುಳಿನ ಬೆಳವಣಿಗೆಯ ಶೇಕಡಾ 85ಕ್ಕಿಂತ ಹೆಚ್ಚು ಭಾಗ ಮುಗಿದಿರುತ್ತದೆ ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಹೇಳುತ್ತದೆ. ಪಿಯುಸಿ ಮತ್ತು ಅದಕ್ಕೂ ಹೆಚ್ಚು ಓದಿದ ಕಾರ್ಯಕರ್ತೆಯರಿಗೆ ಆರು ತಿಂಗಳ, ಅದಕ್ಕಿಂತ ಕಡಿಮೆ ಓದಿದವರಿಗೆ ಒಂದು ವರ್ಷದ ತರಬೇತಿ ಬೇಕೆಂದೂ ಅದೇ ನೀತಿಯು ಸೂಚಿಸಿದೆ. ಅಂದಮೇಲೆ, ಮಕ್ಕಳನ್ನು ಆಡಿಸಲು ತರಬೇತಿ ಬೇಕೇ ಎಂಬ ನಗೆಮಾತಿಗೆ ಉತ್ತರ ಸಿಕ್ಕಿತಲ್ಲವೇ? ಒಂದನೆಯ ತರಗತಿಯ ಮೇಷ್ಟರ ಕೈಗೆ ಮಗು ಬರುವ ಹೊತ್ತಿಗೆ ಅದರ ಮನಸ್ಸಿನ ಅಡಿಪಾಯವನ್ನು ಹಾಕಿ ಮುಗಿಸಿದವಳು ಇವಳು.

ಹೀಗಿದ್ದರೂ ತರಬೇತಿಯಲ್ಲಿರುವವಳ ಮನಸ್ಸು ಏಕೆ ಕುಗ್ಗುತ್ತದೆ? ಇದಕ್ಕೆ ನಾಲ್ಕು ಕಾರಣಗಳು ಸ್ಪಷ್ಟವಾಗಿ ಕಾಣುತ್ತವೆ.

ಮೊದಲನೆಯದು, ಪಾಠಕ್ಕೂ ಕೋಣೆಗೂ ಇರುವ ಅಂತರ. ಪ್ರತಿಯೊಂದು ಮಗುವಿನ ಮಟ್ಟಕ್ಕೆ ಇಳಿದು ಮಾತನಾಡಬೇಕು, ದನಿ ಏರಿಸಬಾರದು, ಆಟದ ಮೂಲಕವೇ ಕಲಿಸಬೇಕು ಎಂದು ತರಬೇತಿಯಲ್ಲಿ ಕಲಿಯುತ್ತಾಳೆ. ಅದೆಲ್ಲವೂ ಸರಿಯಾದುದೇ. ಕೇಂದ್ರಕ್ಕೆ ಹೋದರೆ ಇಪ್ಪತ್ತು ಮಕ್ಕಳು, ಒಂದೇ ಕೋಣೆ. ಜೂನ್ ತಿಂಗಳಲ್ಲಿ ಹೊಸದಾಗಿ ಸೇರಿದ ಮಗು ತಾಯಿಯ ಸೆರಗು ಬಿಡದೆ ಅಳುತ್ತದೆ. ತಾಂಡಾದಿಂದ ಬಂದ ಮಗುವಿಗೆ ಲಂಬಾಣಿ ಮಾತು ಮಾತ್ರ ಬರುತ್ತದೆ, ಕನ್ನಡದ ಹಾಡು ಅದಕ್ಕೆ ಅರ್ಥವಾಗದು. ಮಗು ಅತ್ತರೆ ‘ನನಗೆ ಮಕ್ಕಳನ್ನು ಸುಧಾರಿಸಲು ಬರುವುದಿಲ್ಲ’ ಎಂದು ಅವಳು ತನ್ನನ್ನೇ ದೂರಿಕೊಳ್ಳುತ್ತಾಳೆ. ತಾಯಿಯನ್ನು ಬಿಟ್ಟಿರುವಾಗ ಎಳೆಯ ಮಗು ಅಳುವುದು ಸಹಜ ಪ್ರೀತಿಯ ಲಕ್ಷಣವೇ ಹೊರತು ಶಿಕ್ಷಕಿಯ ದೋಷವಲ್ಲ ಎಂಬುದನ್ನು ಅವಳಿಗೆ ಯಾರಾದರೂ ಹೇಳಬೇಕು.

ಎರಡನೆಯದು, ಊರಿನ ಕಣ್ಣು. ಅಂಗನವಾಡಿ ಕಾರ್ಯಕರ್ತೆಯನ್ನು ಅದೇ ಊರಿನವರಲ್ಲಿ ಆರಿಸುತ್ತಾರೆ. ಇದರಲ್ಲಿ ಒಳ್ಳೆಯದೂ ಇದೆ, ಭಾರವೂ ಇದೆ. ಊರಿಗೆಲ್ಲ ಅವಳು ಇಂಥವರ ಸೊಸೆ, ಇಂಥವರ ಮಗಳು. ಎಸ್ಸೆಸ್ಸೆಲ್ಸಿಯಲ್ಲಿ ಎಷ್ಟು ಅಂಕ ಬಂತು, ಗಂಡನ ಮನೆಯಲ್ಲಿ ಏನು ನಡೆಯಿತು ಎಂಬುದೆಲ್ಲ ಗೊತ್ತಿರುವವರ ನಡುವೆಯೇ ಅವಳು ಗುರುವಾಗಬೇಕು. ಪಟ್ಟಣದ ಶಾಲೆಗೆ ಬರುವ ಹೊಸ ಮೇಷ್ಟರಿಗೆ ಸಿಗುವ ಮರ್ಯಾದೆಯ ದೂರ ಅವಳಿಗೆ ದಕ್ಕುವುದಿಲ್ಲ.

ಮೂರನೆಯದು, ಮುಖದ ಮೇಲಿನ ನಗು. ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ ಅವರು 1983ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಿಮಾನದ ಪರಿಚಾರಕಿಯರ ಕೆಲಸವನ್ನು ಪರಿಶೀಲಿಸಿ, ಒಳಗಿನ ಭಾವವನ್ನು ಅದುಮಿಟ್ಟು ದಿನವಿಡೀ ಪ್ರಸನ್ನವಾಗಿ ಕಾಣಿಸಿಕೊಳ್ಳುವುದೂ ಒಂದು ದುಡಿಮೆಯೇ ಎಂದು ತೋರಿಸಿಕೊಟ್ಟರು. ಮಕ್ಕಳ ಶಿಕ್ಷಕಿಯ ದುಡಿಮೆಯೂ ಅದೇ ಜಾತಿಯದು. ಹಿಂದಿನ ರಾತ್ರಿ ಮನೆಯಲ್ಲಿ ಜಗಳವಾಗಿರಬಹುದು, ಜ್ವರದಲ್ಲಿರುವ ಸ್ವಂತ ಮಗುವನ್ನು ಅಜ್ಜಿಯ ಬಳಿ ಬಿಟ್ಟು ಬಂದಿರಬಹುದು. ಬೆಳಗ್ಗೆ ಅವಳು ಚಪ್ಪಾಳೆ ತಟ್ಟಿ ಹಾಡಲೇಬೇಕು. ಹೊಲದಲ್ಲಿ ದುಡಿದವರ ದಣಿವು ಕಣ್ಣಿಗೆ ಕಾಣುತ್ತದೆ. ಈ ದಣಿವು ಕಾಣುವುದಿಲ್ಲ. ಕಾಣದ ದಣಿವನ್ನು ದಣಿದವಳೇ ನಂಬುವುದಿಲ್ಲ, ‘ನಾನೇನು ಮಹಾ ಕೆಲಸ ಮಾಡಿದೆ’ ಎಂದುಕೊಳ್ಳುತ್ತಾಳೆ.

ನಾಲ್ಕನೆಯದು, ತನ್ನ ಕೈಮೀರಿದ ಫಲಕ್ಕೆ ತಾನೇ ಹೊಣೆಯೆಂಬ ಭಾವ. ತಿಂಗಳು ತಿಂಗಳು ಮಕ್ಕಳ ತೂಕ ನೋಡಬೇಕು, ಎತ್ತರ ಅಳೆಯಬೇಕು, 2021ರಲ್ಲಿ ಬಂದ ಪೋಷಣ್ ಟ್ರ್ಯಾಕರ್ ಎಂಬ ಮೊಬೈಲ್ ತಂತ್ರಾಂಶದಲ್ಲಿ ಅದನ್ನು ದಾಖಲಿಸಬೇಕು. ಒಂದು ಮಗುವಿನ ತೂಕ ಏರಲಿಲ್ಲವೆಂದರೆ ಅದಕ್ಕೆ ಮನೆಯ ಬಡತನ, ತಾಯಿಯ ರಕ್ತಹೀನತೆ, ಮತ್ತೆ ಮತ್ತೆ ಬರುವ ಭೇದಿ ಕಾರಣವಾಗಿರಬಹುದು. ತಖ್ತೆಯಲ್ಲಿ ಕಾಣುವುದು ಅವಳ ಕೇಂದ್ರದ ಹೆಸರು ಮಾತ್ರ.

ಈ ನಾಲ್ಕನ್ನೂ ಹೊತ್ತ ಮನಸ್ಸಿಗೆ ಶರಣಮಾರ್ಗವು ಏನು ಹೇಳುತ್ತದೆ? ತನ್ನನ್ನು ತಾನು ಒಪ್ಪಿಕೊಳ್ಳುವುದೆಂದರೆ ತನ್ನಲ್ಲಿ ದೋಷವೇ ಇಲ್ಲವೆಂದು ಭಾವಿಸುವುದಲ್ಲ. ಅದು ಅಹಂಕಾರ. ಅಣ್ಣ ಬಸವಣ್ಣನವರ ವಚನಗಳನ್ನು ಓದಿದವರಿಗೆ ಗೊತ್ತು, ಅವರಷ್ಟು ಕಟುವಾಗಿ ತಮ್ಮ ಮನಸ್ಸನ್ನು ಪರೀಕ್ಷಿಸಿಕೊಂಡವರು ವಿರಳ. ಬಿಜ್ಜಳನ ಭಂಡಾರಿಯಾಗಿದ್ದವರು, ಸಾವಿರಾರು ಶರಣರಿಗೆ ಆಶ್ರಯವಾಗಿದ್ದವರು ತಮ್ಮ ಮನಸ್ಸನ್ನು ಕೊಂಬೆಯಿಂದ ಕೊಂಬೆಗೆ ನೆಗೆಯುವ ಕೋತಿಗೆ ಹೋಲಿಸಿಕೊಂಡರು. ಆದರೆ ಇಲ್ಲೊಂದು ಸೂಕ್ಷ್ಮವಿದೆ. ಮನಸ್ಸು ಚಂಚಲವೆಂದು ಕಂಡ ಮಾತ್ರಕ್ಕೆ ಅವರು ಕಾಯಕವನ್ನು ಬಿಟ್ಟು ಮೂಲೆ ಸೇರಲಿಲ್ಲ. ನನಗೆ ಯೋಗ್ಯತೆ ಇಲ್ಲವೆಂದು ಹಿಂದೆ ಸರಿಯಲಿಲ್ಲ. ದೋಷವನ್ನು ದೋಷವೆಂದು ನೋಡಿದರು, ಕೂಡಲಸಂಗನ ಮುಂದೆ ಬಿಚ್ಚಿಟ್ಟರು, ಮರುದಿನ ದಾಸೋಹಕ್ಕೆ ನಿಂತರು. ದೋಷವನ್ನು ಕಾಣುವುದು ಬೇರೆ, ದೋಷಕ್ಕಾಗಿ ತನ್ನನ್ನು ತಾನು ತಿರಸ್ಕರಿಸುವುದು ಬೇರೆ. ಮೊದಲನೆಯದು ಆತ್ಮಪರೀಕ್ಷೆ, ಎರಡನೆಯದು ಆತ್ಮಹಿಂಸೆ. ತರಬೇತಿಯ ಹೆಣ್ಣುಮಕ್ಕಳು ಇವೆರಡರ ವ್ಯತ್ಯಾಸವನ್ನು ತಿಳಿಯಬೇಕು. ‘ಇಂದು ಕಥೆ ಹೇಳುವಾಗ ಮಕ್ಕಳ ಗಮನ ಸೆಳೆಯಲಿಲ್ಲ, ನಾಳೆ ಬೊಂಬೆ ಹಿಡಿದು ಹೇಳುತ್ತೇನೆ’ ಎಂಬುದು ಪರೀಕ್ಷೆ. ‘ನಾನು ಯಾವುದಕ್ಕೂ ಬಾರದವಳು’ ಎಂಬುದು ಹಿಂಸೆ.

ಇಂಗ್ಲೆಂಡಿನ ಮಕ್ಕಳ ವೈದ್ಯ ಮತ್ತು ಮನೋವಿಶ್ಲೇಷಕ ಡೊನಾಲ್ಡ್ ವಿನ್ನಿಕಾಟ್ ಅವರು 1953ರಲ್ಲಿ ಒಂದು ಮಾತನ್ನು ಬಳಕೆಗೆ ತಂದರು. ಮಗುವಿಗೆ ಪರಿಪೂರ್ಣಳಾದ ತಾಯಿ ಬೇಕಿಲ್ಲ, ‘ಸಾಕಷ್ಟು ಒಳ್ಳೆಯ’ ತಾಯಿ ಇದ್ದರೆ ಸಾಕು. ಆಗೊಮ್ಮೆ ಈಗೊಮ್ಮೆ ತಾಯಿ ತಡಮಾಡುತ್ತಾಳೆ, ಅವಳಿಗೆ ಎಲ್ಲವೂ ತಿಳಿಯುವುದಿಲ್ಲ, ಆ ಸಣ್ಣ ಕೊರತೆಗಳನ್ನು ತಾಳಿಕೊಳ್ಳುತ್ತಲೇ ಮಗು ಲೋಕವನ್ನು ಅರಿಯುತ್ತದೆ ಎಂಬುದು ಅವರ ಕಾಣ್ಕೆ. ಶಿಕ್ಷಕಿಗೂ ಇದು ಅನ್ವಯಿಸುತ್ತದೆ. ಪರಿಪೂರ್ಣಳಾಗಬೇಕೆಂಬ ಹಟದಲ್ಲಿ ನಿತ್ಯ ನೊಂದುಕೊಳ್ಳುವವಳಿಗಿಂತ, ತನ್ನ ಮಿತಿಯನ್ನರಿತು ಸಮಾಧಾನದಿಂದಿರುವವಳ ಮಡಿಲಲ್ಲಿ ಮಗು ಹೆಚ್ಚು ನೆಮ್ಮದಿಯಾಗಿರುತ್ತದೆ.

ನೆರೆಯ ಶಿವಮೊಗ್ಗ ಜಿಲ್ಲೆಯ ಉಡುತಡಿಯಿಂದ ಹೊರಟ ಅಕ್ಕಮಹಾದೇವಿಯು ಕಲ್ಯಾಣವನ್ನು ಸೇರಿದಾಗ ಅಲ್ಲಮಪ್ರಭುಗಳು ಅವಳನ್ನು ಕಠಿಣವಾಗಿ ಪ್ರಶ್ನಿಸಿದರೆಂದು ಶೂನ್ಯಸಂಪಾದನೆಯು ನಿರೂಪಿಸುತ್ತದೆ. ಅವಳು ಪ್ರಶ್ನೆಗೆ ಅಂಜಲಿಲ್ಲ, ಇಲ್ಲದುದನ್ನು ಇದೆಯೆಂದು ತೋರಿಸಿಕೊಳ್ಳಲೂ ಇಲ್ಲ. ಇದ್ದುದನ್ನು ಇದ್ದಂತೆ ಹೇಳಿದಳು. ಮೇಲ್ವಿಚಾರಕಿಯ ಪ್ರಶ್ನೆಗೆ, ಊರಿನವರ ಪ್ರಶ್ನೆಗೆ ಎದುರಾಗಬೇಕಾದ ಹುಡುಗಿಗೆ ಇದಕ್ಕಿಂತ ಒಳ್ಳೆಯ ಮಾದರಿ ಯಾವುದಿದೆ? ‘ಇದು ನನಗೆ ಗೊತ್ತು, ಇದು ಗೊತ್ತಿಲ್ಲ, ಕಲಿಯುತ್ತೇನೆ’ ಎಂಬ ಮೂರು ಮಾತುಗಳನ್ನು ನಾಚಿಕೆಯಿಲ್ಲದೆ ಹೇಳಬಲ್ಲವಳು ಅಕ್ಕನ ದಾರಿಯಲ್ಲಿಯೇ ಇದ್ದಾಳೆ.

ಇಲ್ಲಿಗೆ ಉಪದೇಶವನ್ನು ನಿಲ್ಲಿಸಿ ಹೋದರೆ ಅದು ಅರ್ಧ ಸತ್ಯವಾಗುತ್ತದೆ. ಏಕೆಂದರೆ ಒಳಗಿನ ಸಮಾಧಾನವನ್ನು ಬೋಧಿಸಿ ಹೊರಗಿನ ಅನ್ಯಾಯವನ್ನು ಮುಚ್ಚುವ ಅಭ್ಯಾಸ ನಮ್ಮ ಸಮಾಜದಲ್ಲಿದೆ. ‘ಇದು ಸೇವೆಯಮ್ಮ, ಹಣದ ಮಾತು ಆಡಬಾರದು’, ‘ಕಾಯಕವೆಂದು ಮಾಡು’ ಎಂದು ಹೇಳುವವರು ತಾವು ಶರಣರ ಮಾತನ್ನೇ ಆಡುತ್ತಿದ್ದೇವೆ ಎಂದು ತಿಳಿದಿದ್ದಾರೆ. ಅದು ಶರಣರ ಮಾತಲ್ಲ.

ಆಯ್ದಕ್ಕಿ ಮಾರಯ್ಯನು ಒಂದು ದಿನ ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನು ಅವನನ್ನು ತಡೆದು, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರಲು ಹೇಳಿದ ಪ್ರಸಂಗ ಎಲ್ಲರಿಗೂ ತಿಳಿದಿದೆ. ನುಲಿಯ ಚಂದಯ್ಯನ ಕಥೆಯಲ್ಲಿಯೂ ಹಗ್ಗಕ್ಕೆ ಸಲ್ಲುವ ಬೆಲೆಗಿಂತ ಹೆಚ್ಚು ಬಂದುದನ್ನು ಅವನು ಒಪ್ಪಲಿಲ್ಲ. ಈ ಎರಡು ಕಥೆಗಳನ್ನು ಅಲ್ಪತೃಪ್ತಿಯ ಪಾಠವೆಂದು ಹೇಳಿ ಮುಗಿಸುತ್ತೇವೆ. ಆದರೆ ಅವುಗಳ ಹೃದಯದಲ್ಲಿರುವುದು ಅಳತೆ. ದುಡಿಮೆಗೆ ಸಲ್ಲುವಷ್ಟು ಬರಬೇಕು, ಅದಕ್ಕಿಂತ ಹೆಚ್ಚು ಬಾರದು ಎಂಬುದು ಆ ಅಳತೆ. ಹೆಚ್ಚು ಪಡೆಯುವುದು ಕಾಯಕಕ್ಕೆ ಕಳಂಕವಾದರೆ, ದುಡಿದವಳಿಗೆ ಕಡಿಮೆ ಕೊಡುವುದೂ ಕಳಂಕವೇ. ಅದು ಕೊಡುವವನ ಕಳಂಕ. ಕಾಯಕದಿಂದ ಬಂದುದರಲ್ಲಿ ಬದುಕಿ ಉಳಿದುದನ್ನು ದಾಸೋಹಕ್ಕೆ ನೀಡಬೇಕೆಂದರು ಶರಣರು. ಬದುಕಲು ಸಾಲದಷ್ಟು ಕೊಟ್ಟು ದಾಸೋಹವನ್ನು ನಿರೀಕ್ಷಿಸುವುದು ಯಾವ ನ್ಯಾಯ?

ಅಂಗನವಾಡಿ ಕಾರ್ಯಕರ್ತೆಗೆ ಸಿಗುವ ಹಣಕ್ಕೆ ಸಂಬಳವೆಂಬ ಹೆಸರಿಲ್ಲ, ಅದರ ಹೆಸರು ‘ಗೌರವಧನ’. ಕೇಂದ್ರ ಸರ್ಕಾರವು 2018ರ ಅಕ್ಟೋಬರ್‌ನಿಂದ ಅದರಲ್ಲಿನ ತನ್ನ ಲೆಕ್ಕದ ಮೊತ್ತವನ್ನು ತಿಂಗಳಿಗೆ 3,000 ರೂಪಾಯಿಗಳಿಂದ 4,500ಕ್ಕೂ, ಸಹಾಯಕಿಯರದನ್ನು 1,500ರಿಂದ 2,250ಕ್ಕೂ ಏರಿಸಿತು. ರಾಜ್ಯ ಸರ್ಕಾರವು ಇದಕ್ಕೆ ತನ್ನ ಪಾಲನ್ನು ಸೇರಿಸುತ್ತದೆ. 2025-26ರ ರಾಜ್ಯ ಮುಂಗಡಪತ್ರದಲ್ಲಿ ಕಾರ್ಯಕರ್ತೆಯರಿಗೆ ಇನ್ನೂ 1,000 ರೂಪಾಯಿಗಳ ಹೆಚ್ಚಳವನ್ನು ಘೋಷಿಸಲಾಯಿತು. ಇವರ ಹುದ್ದೆಯು ಸರ್ಕಾರಿ ನಾಗರಿಕ ಸೇವೆಯ ಹುದ್ದೆಯಲ್ಲವೆಂದು ಕರ್ನಾಟಕದ್ದೇ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 2006ರಲ್ಲಿ ತೀರ್ಮಾನಿಸಿತ್ತು. ಅದೇ ನ್ಯಾಯಾಲಯವು 2022ರ ಏಪ್ರಿಲ್ 25ರಂದು ಗುಜರಾತಿನ ಪ್ರಕರಣದಲ್ಲಿ, 1972ರ ಉಪದಾನ ಪಾವತಿ ಕಾಯ್ದೆಯು ಇವರಿಗೂ ಅನ್ವಯಿಸುತ್ತದೆಂದು, ಅಂದರೆ ಇವರು ಗ್ರಾಚ್ಯುಟಿಗೆ ಅರ್ಹರೆಂದು ತೀರ್ಪಿತ್ತಿತು. 2023ರ ಜನವರಿಯಲ್ಲಿ ರಾಜ್ಯದ ನಾನಾ ಕಡೆಗಳಿಂದ ಬಂದ ಕಾರ್ಯಕರ್ತೆಯರು ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ಚಳಿಯಲ್ಲಿ ಕುಳಿತು ಕೇಳಿದ್ದರಲ್ಲಿ ಇದೂ ಒಂದು. ಅವರು ಬೀದಿಗೆ ಬಂದುದನ್ನು ಕಂಡು ಸೇವಾಮನೋಭಾವ ಕಡಿಮೆಯಾಯಿತೆಂದು ಮರುಗಿದವರಿದ್ದಾರೆ. ಸಲ್ಲಬೇಕಾದುದನ್ನು ಕೇಳುವುದು ಲಕ್ಕಮ್ಮನ ಅಳತೆಗೆ ವಿರೋಧವಲ್ಲ ಎಂಬುದು ನಮ್ಮ ಅಭಿಪ್ರಾಯ. ತನ್ನ ದುಡಿಮೆಗೆ ಬೆಲೆಯಿದೆ ಎಂದು ನಂಬುವುದು ತನ್ನನ್ನು ತಾನು ಒಪ್ಪಿಕೊಳ್ಳುವುದರ ಒಂದು ಅಂಗ. ತರಬೇತಿಯ ಹುಡುಗಿಗೆ ಇದನ್ನು ಮೊದಲ ದಿನವೇ ಹೇಳಿಕೊಡಬೇಕು.

ಇನ್ನೊಂದು ಮಾತು, ಹೇಳಲು ನೋವಾದರೂ ಹೇಳಲೇಬೇಕಾದದ್ದು. ಅಂಗನವಾಡಿಯಲ್ಲಿ ಅಡುಗೆ ಮಾಡುವ ಸಹಾಯಕಿಯ ಜಾತಿಯನ್ನು ಕೇಳಿ ಮಗುವಿನ ಊಟವನ್ನು ಬಿಡಿಸುವವರು ನಾಡಿನಲ್ಲಿ ಇನ್ನೂ ಇದ್ದಾರೆ. ಅವರಲ್ಲಿ ಹಣೆಗೆ ವಿಭೂತಿ ಧರಿಸಿದವರೂ ಇರಬಹುದು. ಮಾದಾರ ಚೆನ್ನಯ್ಯನನ್ನು, ಡೋಹರ ಕಕ್ಕಯ್ಯನನ್ನು ತಮ್ಮ ಹಿರಿಯರೆಂದು ಬಸವಣ್ಣನವರು ಕರೆದುಕೊಂಡ ಪರಂಪರೆ ನಮ್ಮದು. ಹರಳಯ್ಯ ಮಧುವರಸರ ಮಕ್ಕಳ ಮದುವೆಗಾಗಿ ಕಲ್ಯಾಣವೇ ಹೊತ್ತಿ ಉರಿಯಿತು. ಅಂಥ ಪರಂಪರೆಯವರು ಮೂರು ವರ್ಷದ ಮಗುವಿನ ತಟ್ಟೆಯ ಮುಂದೆ ಜಾತಿಯನ್ನು ತಂದರೆ, ಬಡಿಸುವವಳ ಮನಸ್ಸು ಏನಾಗಬೇಕು? ಹತ್ತು ದಿನದ ಧ್ಯಾನ ಶಿಬಿರವೂ ಆ ಗಾಯವನ್ನು ಮಾಯಿಸಲಾರದು. ಅವಳ ಆರೋಗ್ಯಕ್ಕೆ ಬೇಕಾದ ಮೊದಲ ಔಷಧ ನಮ್ಮ ನಡತೆಯಲ್ಲಿದೆ.

ಹಾಗಾದರೆ ಮಾಡಬೇಕಾದುದೇನು? ತರಬೇತಿ ಪಡೆಯುತ್ತಿರುವ ಸಹೋದರಿಯರು ದಿನದ ಕೊನೆಗೆ ಇಷ್ಟಲಿಂಗದ ಮುಂದೆ ಕುಳಿತಾಗ, ಅಥವಾ ತಮ್ಮ ತಮ್ಮ ನಂಬಿಕೆಯಂತೆ ಮೌನವಾಗಿ ಕುಳಿತಾಗ, ಆ ದಿನ ತಪ್ಪಿದ್ದನ್ನು ಮಾತ್ರವಲ್ಲದೆ ಒದಗಿದ್ದನ್ನೂ ನೆನೆಯಲಿ. ಯಾವ ಮಗು ಇಂದು ಅಳು ನಿಲ್ಲಿಸಿತು, ಯಾವ ಮಗು ಹೊಸ ಪದವೊಂದನ್ನು ನುಡಿಯಿತು ಎಂಬುದನ್ನು ಒಂದು ಪುಸ್ತಕದಲ್ಲಿ ಎರಡು ಸಾಲು ಬರೆದಿಡಲಿ. ಇದು ಸ್ವಪ್ರಶಂಸೆಯಲ್ಲ, ಕಾಯಕದ ಲೆಕ್ಕ. ನಿದ್ರೆ ಬಾರದೆ, ಊಟ ಸೇರದೆ, ಯಾವುದರಲ್ಲಿಯೂ ಮನಸ್ಸಿಲ್ಲದೆ ಎರಡು ವಾರ ಕಳೆದರೆ ಅದನ್ನು ಭಕ್ತಿಯ ಕೊರತೆಯೆಂದು ತಿಳಿಯದೆ ವೈದ್ಯರ ಬಳಿ ಹೋಗಬೇಕು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮನಸ್ ಸಹಾಯವಾಣಿಯ 14416 ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ದೇಹಕ್ಕೆ ಜ್ವರ ಬಂದಾಗ ಆಸ್ಪತ್ರೆಗೆ ಹೋಗುವ ನಾವು ಮನಸ್ಸಿನ ಜ್ವರಕ್ಕೆ ನಾಚಬಾರದು.

ತರಬೇತಿ ನೀಡುವವರು ಪಾಠದ ನಡುವೆ ವಾರಕ್ಕೊಂದು ಗಂಟೆಯನ್ನು ಹೆಣ್ಣುಮಕ್ಕಳು ತಮ್ಮ ಕಷ್ಟವನ್ನು ಆಡಿಕೊಳ್ಳುವುದಕ್ಕಾಗಿ ಬಿಟ್ಟುಕೊಡಲಿ. ಅಲ್ಲಿ ಅಂಕ ಹಾಕುವುದು ಬೇಡ, ಬುದ್ಧಿವಾದ ಬೇಡ. ಅನುಭವ ಮಂಟಪದ ವಿಶೇಷವು ಅಲ್ಲಿನ ಉಪದೇಶಕ್ಕಿಂತಲೂ ಎಲ್ಲ ಕಾಯಕದವರೂ ತಮ್ಮ ಅನುಭವವನ್ನು ಹೇಳಬಹುದಾಗಿದ್ದ ಸ್ವಾತಂತ್ರ್ಯದಲ್ಲಿತ್ತು. ಒಬ್ಬಳು ‘ನಿನ್ನೆ ನನಗೆ ಸಿಟ್ಟು ಬಂದು ಮಗುವನ್ನು ಗದರಿದೆ’ ಎಂದರೆ, ಇನ್ನೊಬ್ಬಳು ‘ನನಗೂ ಹಾಗೇ ಆಯಿತು’ ಎನ್ನುತ್ತಾಳೆ. ಕಷ್ಟ ತನ್ನೊಬ್ಬಳದೇ ಅಲ್ಲವೆಂದು ತಿಳಿದಾಗಲೇ ಅರ್ಧ ಭಾರ ಇಳಿಯುತ್ತದೆ.

ಭಕ್ತರಾದ ನಾವು ಮಾಡಬಹುದಾದದ್ದು ಇನ್ನೂ ಸುಲಭ. ಊರಿನ ಹುಣ್ಣಿಮೆಯ ಶಿವಾನುಭವ ಗೋಷ್ಠಿಗೆ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರನ್ನು ಕರೆಯುವಂತೆಯೇ ಅಂಗನವಾಡಿಯ ಶಿಕ್ಷಕಿಯನ್ನೂ ಕರೆದು, ಎಳೆಯ ಮಕ್ಕಳ ಕುರಿತು ನಾಲ್ಕು ಮಾತು ಆಡಿಸೋಣ. ತರಬೇತಿಗೆ ಹೋಗುವ ಸೊಸೆಗೆ ಬೆಳಗಿನ ಅಡುಗೆಯಲ್ಲಿ ಅತ್ತೆಯೋ ಗಂಡನೋ ಕೈಜೋಡಿಸಲಿ. ಮಗುವನ್ನು ಬಿಡಲು ಹೋದಾಗ ಬಾಗಿಲಲ್ಲಿ ನಿಂತು ‘ಇವತ್ತು ಏನು ಹೇಳಿಕೊಡ್ತೀರಮ್ಮ?’ ಎಂದು ಕೇಳೋಣ. ‘ಆಡಿಸೋಕೂ ಟ್ರೈನಿಂಗಾ’ ಎಂಬ ಮಾತು ನಮ್ಮ ಮನೆಗಳಲ್ಲಿ ಇನ್ನು ಕೇಳದಿರಲಿ.

ಎಂಟುನೂರು ವರ್ಷಗಳ ಹಿಂದೆ ಅಕ್ಕಿ ಆಯುವವಳನ್ನು ಆಯ್ದಕ್ಕಿ ಲಕ್ಕಮ್ಮನೆಂದು ಹೆಮ್ಮೆಯಿಂದ ಕರೆದ ಸಮಾಜವೊಂದು ಈ ನೆಲದಲ್ಲಿತ್ತು. ಕಡೂರಿನ, ತರೀಕೆರೆಯ, ಅಜ್ಜಂಪುರದ ಹೆಣ್ಣುಮಗಳೊಬ್ಬಳು ‘ನಾನು ಅಂಗನವಾಡಿ ಶಿಕ್ಷಕಿ’ ಎಂದು ತಲೆಯೆತ್ತಿ ಹೇಳುವ ದಿನ ಬರಬೇಕಾದರೆ ಅವಳೊಬ್ಬಳ ಧೈರ್ಯ ಸಾಲದು. ಕೇಳುವ ಕಿವಿಗಳಲ್ಲಿ ಗೌರವವಿರಬೇಕು. ಆ ಗೌರವವನ್ನು ಕೊಡುವುದು ಬಸವಭಕ್ತರಾದ ನಮ್ಮ ಕಾಯಕ.